ಬಾಂಡ್ ಪೇಪರಿನಲ್ಲಿ ಬಿಡುಗಡೆ ಇಲ್ಲ

ನನ್ನ ಚಿಕ್ಕಮ್ಮನ ಮಗಳು ಗಂಡನ ಮನೆ ಬಿಟ್ಟು ಬಂದಾಗ ಅವಳ ಬ್ಯಾಗಿನಲ್ಲಿ ಒಂದು ಸ್ಟಾಂಪ್ ಪೇಪರ್ ಇತ್ತು. ಎರಡೂ ಮನೆಯ ಹಿರಿಯರು ಕೂತು ಮಾತಾಡಿದ್ದರು. 'ಸ್ವಂತ ಇಚ್ಛೆಯಿಂದ ಬೇರೆಯಾಗುತ್ತಿದ್ದೇವೆ, ಇನ್ನು ಒಬ್ಬರ ಮೇಲೆ ಒಬ್ಬರಿಗೆ ಹಕ್ಕಿಲ್ಲ' ಎಂದು ಟೈಪ್ ಮಾಡಿಸಿ, ಇಬ್ಬರ ಸಹಿ ಹಾಕಿಸಿ, ನೋಟರಿಯ ಸೀಲು ಒತ್ತಿಸಿದ್ದರು. ಮನೆಯವರಿಗೆಲ್ಲ ಸಮಾಧಾನ. ಕೋರ್ಟು ಕಚೇರಿ ಹತ್ತದೆ ಮುಗಿಯಿತಲ್ಲ ಮಾರಾಯ್ರೆ ಅಂತ.

ಮುಗಿದಿರಲಿಲ್ಲ. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ವಕೀಲರೊಬ್ಬರು ಆ ಕಾಗದ ಓದಿ, ಮಡಚಿ, ವಾಪಸ್ ಕೊಟ್ಟರು. "ಇದನ್ನು ಜೋಪಾನ ಇಟ್ಟುಕೊಳ್ಳಿ. ಯಾವಾಗಿನಿಂದ ಬೇರೆ ಇದ್ದೀರಿ ಅಂತ ತೋರಿಸ್ಲಿಕ್ಕೆ ಆಗ್ತದೆ. ಡೈವೋರ್ಸ್ ಅಂತ ಮಾತ್ರ ಹೇಳ್ಬೇಡಿ" ಎಂದರು.

ಅಲ್ಲಿಂದ ಸುಮಾರು ಎರಡು ವರ್ಷ ನಾನು ತಂಗಿಯ ಜೊತೆ ಓಡಾಡಿದೆ. ನಾನು ವಕೀಲೆ ಅಲ್ಲ. ಆದರೆ ವಾಯಿದೆಯಿಂದ ವಾಯಿದೆಗೆ ಕೋರ್ಟಿನ ಬೆಂಚಿನ ಮೇಲೆ ಕೂತರೆ ಕೆಲವು ಸಂಗತಿ ತಾನಾಗಿ ತಲೆಗೆ ಹೋಗುತ್ತವೆ. ನಾವು ಡೈವೋರ್ಸ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ಐದು ಬೇರೆ ಬೇರೆ ಪ್ರಶ್ನೆಗಳಿವೆ. ಮದುವೆ ಮುರಿಯುವುದು ಒಂದು ಮಾತ್ರ. ಖರ್ಚಿಗೆ ಯಾರು ಕೊಡಬೇಕು, ಚಿನ್ನ ಯಾರದು, ಮನೆಯಲ್ಲಿ ಯಾರು ಇರಬಹುದು, ಮಕ್ಕಳು ಯಾರ ಜೊತೆ ಎಂಬುದು ಉಳಿದ ನಾಲ್ಕು. ಒಂದೊಂದಕ್ಕೂ ಬೇರೆ ಕಾಯ್ದೆ, ಕೆಲವೊಮ್ಮೆ ಬೇರೆ ಕೋರ್ಟು. ಒಂದರ ಸಿಟ್ಟನ್ನು ಇನ್ನೊಂದರಲ್ಲಿ ತೀರಿಸಲು ಹೋದ ಕೇಸುಗಳೇ ವರ್ಷಗಟ್ಟಲೆ ಎಳೆಯುತ್ತವೆ ಎಂಬುದು ಬೆಂಚಿನ ಮೇಲೆ ಕೂತು ನಾನು ಕಂಡದ್ದು.

ಮೊದಲು ಆ ಬಾಂಡ್ ಪೇಪರಿನ ಕಥೆ. ನಮ್ಮ ಕರಾವಳಿಯಲ್ಲಿ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಅಳಿಯಕಟ್ಟು (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ, ಅಳಿಯಸಂತಾನ ಎಂದೂ ಹೇಳುತ್ತಾರೆ) ಇದ್ದ ಬಂಟರು, ಬಿಲ್ಲವರು, ಮೊಗವೀರರಲ್ಲಿ ಹೆಣ್ಣು ಮದುವೆಯಾದರೂ ತಾಯಿಯ ಕುಟುಂಬದವಳಾಗಿಯೇ ಉಳಿಯುತ್ತಿದ್ದಳು. ಹೊಂದಿಕೆ ಆಗದಿದ್ದರೆ ತವರಿಗೆ ಬರುವುದು ಅಷ್ಟು ದೊಡ್ಡ ಸಂಗತಿಯಾಗಿರಲಿಲ್ಲ. ಮರುಮದುವೆಗೆ ತುಳುವಿನಲ್ಲಿ 'ಬುಡುಧಾರೆ' ಎಂಬ ಬೇರೆ ಪದವೇ ಇದೆ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1949ರಲ್ಲಿ, ಅಳಿಯಸಂತಾನದವರಿಗೆಂದೇ ಒಂದು ಕಾಯ್ದೆ ಬಂದಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಕೂಡ ಸಂಪ್ರದಾಯದ ಪ್ರಕಾರ ಬಿಡುಗಡೆ ಪಡೆಯುವ ಹಕ್ಕನ್ನು ಮುಟ್ಟಿಲ್ಲ.

ಹಾಗಾದರೆ ಹಿರಿಯರು ಮಾಡಿದ್ದು ಸರಿ ಅಲ್ವಾ? ಅಲ್ಲ. ನಮ್ಮ ಜಾತಿಯಲ್ಲಿ ಇಂಥ ಸಂಪ್ರದಾಯ ತಲೆತಲಾಂತರದಿಂದ ಬಿಡದೆ ನಡೆದು ಬಂದಿದೆ ಎಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪತ್ರ ಬರೆದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ನೋಟರಿ ಹೇಳುವುದು ಸಹಿ ಹಾಕಿದವರು ನೀವೇ ಎಂದಷ್ಟೇ. ಆ ಕಾಗದ ನಂಬಿ ಒಬ್ಬರು ಇನ್ನೊಂದು ಮದುವೆಯಾದರೆ ಆ ಎರಡನೇ ಮದುವೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮೊದಲನೆಯವರು ದೂರು ಕೊಟ್ಟರೆ 7 ವರ್ಷದವರೆಗೆ ಜೈಲು ಶಿಕ್ಷೆಗೂ ದಾರಿ ಇದೆ. ಎರಡನೇ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಕಾನೂನು ಸಕ್ರಮ ಎಂದೇ ನೋಡುತ್ತದೆ. ಆದರೆ ಪಿಂಚಣಿಯ ಹೊತ್ತಿಗೆ ಆ ಹೆಂಗಸು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇನ್ನು ಯಾವ ಕಾಯ್ದೆ ನಿಮಗೆ ಅನ್ವಯ ಎಂಬುದು. ಇದು ನಿಮ್ಮ ಮದುವೆ ಹೇಗೆ ಆಯಿತು ಎಂಬುದರ ಮೇಲೆ ನಿಂತಿದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1955ರ ಕಾಯ್ದೆ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ ಅದೇ ಕಾಯ್ದೆ. ಇಲ್ಲೊಂದು ಗೊಂದಲ ಉಂಟು. ಹಾಲ್‌ನಲ್ಲಿ ಧಾರೆ ಎರೆಸಿಕೊಂಡು, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದವರು ತಮ್ಮದು 'ರಿಜಿಸ್ಟರ್ ಮ್ಯಾರೇಜ್' ಎನ್ನುತ್ತಾರೆ. ಅದರಿಂದ ಕಾಯ್ದೆ ಬದಲಾಗುವುದಿಲ್ಲ. ಸರ್ಟಿಫಿಕೇಟಿನ ತಲೆಯಲ್ಲಿ ಯಾವ ಕಾಯ್ದೆಯ ಹೆಸರಿದೆ ನೋಡಿ.

ಕ್ರೈಸ್ತರಿಗೆ 1869ರ ಕಾಯ್ದೆ. ಹೌದು, ಅಷ್ಟು ಹಳೆಯದು. 2001ರಲ್ಲಿ ತಿದ್ದುಪಡಿ ಆಗುವವರೆಗೆ ಅದರಲ್ಲಿ ಗಂಡನಿಗೆ ಒಂದು ನ್ಯಾಯ, ಹೆಂಡತಿಗೆ ಇನ್ನೊಂದು. ಹೆಂಡತಿಗೆ ಬೇರೆ ಸಂಬಂಧ ಇದೆ ಎಂದು ತೋರಿಸಿದರೆ ಗಂಡನಿಗೆ ಸಾಕಿತ್ತು. ಹೆಂಡತಿ ಅದರ ಜೊತೆಗೆ ಹಿಂಸೆಯನ್ನೋ ಬಿಟ್ಟುಹೋದದ್ದನ್ನೋ ಕೂಡ ಸಾಬೀತು ಮಾಡಬೇಕಿತ್ತು. ಈಗ ಆ ತಾರತಮ್ಯ ಇಲ್ಲ. ಒಪ್ಪಂದದ ವಿಚ್ಛೇದನಕ್ಕೆ ಕಾಯ್ದೆಯ ಪುಸ್ತಕದಲ್ಲಿ ಎರಡು ವರ್ಷ ಬೇರೆ ಇರಬೇಕು ಎಂದಿದ್ದರೂ, ಉಳಿದವರ ಹಾಗೆ ಒಂದು ವರ್ಷ ಸಾಕು ಎಂದು ಕರ್ನಾಟಕ ಹೈಕೋರ್ಟ್ 2014ರಲ್ಲಿ ಹೇಳಿತು.

ಮಂಗಳೂರಿನ ಕೆಥೋಲಿಕ್ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಚರ್ಚಿನ ನ್ಯಾಯಮಂಡಳಿ 'ಈ ಮದುವೆ ಮೊದಲಿಂದಲೇ ಸಿಂಧುವಲ್ಲ' ಎಂದು ಕೊಟ್ಟ ತೀರ್ಪು ಸಾಕಲ್ವಾ ಅಂತ. ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರೂ ನಮ್ಮ ಊರಿನವರೇ. ದಕ್ಷಿಣ ಕನ್ನಡದ ಕೆಥೋಲಿಕ್ ಸಂಘದ ಅಧ್ಯಕ್ಷರಾಗಿದ್ದ ವಕೀಲ ಕ್ಲಾರೆನ್ಸ್ ಪಾಯ್ಸ್, ಚರ್ಚಿನ ತೀರ್ಪಿಗೆ ಕೋರ್ಟಿನ ಮಾನ್ಯತೆ ಬೇಕೆಂದು ಅರ್ಜಿ ಹಾಕಿದ್ದರು. 2017ರ ಜನವರಿಯಲ್ಲಿ ಅದು ವಜಾ ಆಯಿತು. ಹಾಗಾಗಿ ಚರ್ಚಿನಲ್ಲಿ ಮತ್ತೆ ಮದುವೆಯಾಗಲು ಚರ್ಚಿನ ಕಾಗದ ಬೇಕು, ಕಾನೂನಿನ ಕಣ್ಣಿಗೆ ಕೋರ್ಟಿನ ಡಿಕ್ರಿ, ಅಂದರೆ ಅಂತಿಮ ಆದೇಶ, ಬೇಕು. ಎರಡೂ ಬೇಕಾದವರು ಎರಡೂ ಕಡೆ ಹೋಗಲೇಬೇಕು.

ಮುಸ್ಲಿಮರಲ್ಲಿ ಒಂದೇ ಉಸಿರಿಗೆ ಮೂರು ಸಲ ತಲಾಕ್ ಹೇಳುವುದನ್ನು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2019ರ ಕಾಯ್ದೆ ಅದನ್ನು 3 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ ಮಾಡಿತು. ಹೆಂಡತಿ ಕೇಳಿ ಪಡೆಯುವ ಖುಲಾ, ಇಬ್ಬರೂ ಒಪ್ಪಿದ ಮುಬಾರತ್ ಇವೆ. ಗಂಡ ಒಪ್ಪದಿದ್ದರೆ 1939ರ ಕಾಯ್ದೆಯಡಿ ಹೆಂಡತಿ ಕೋರ್ಟಿಗೆ ಹೋಗಬಹುದು. ಗಂಡ ಎರಡು ವರ್ಷ ಖರ್ಚಿಗೆ ಕೊಡದಿರುವುದು, ನಾಲ್ಕು ವರ್ಷ ಪತ್ತೆಯೇ ಇಲ್ಲದಿರುವುದು ಅದರಲ್ಲಿರುವ ಕಾರಣಗಳಲ್ಲಿ ಕೆಲವು.

ತಂಗಿಯದು ಹಿಂದೂ ಕಾಯ್ದೆ. ಕೊನೆಗೆ ಮ್ಯೂಚುವಲ್ ಆಯಿತು, ಅಂದರೆ ಇಬ್ಬರೂ ಒಪ್ಪಿದ ವಿಚ್ಛೇದನ, 13ಬಿ ಸೆಕ್ಷನ್. ಇದರ ಲೆಕ್ಕ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ವಾಟ್ಸಾಪ್‌ನಲ್ಲಿ ಓಡಾಡುವ ಅರ್ಧ ಸುಳ್ಳುಗಳು ಇದರ ಬಗ್ಗೆಯೇ.

ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡಿರಾಗಿ ಬಾಳದಿದ್ದರೆ ಅದೂ ಬೇರೆಯೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮಾತಿಲ್ಲದೆ ಒಂದೇ ಮನೆಯಲ್ಲಿ ಇರುವವರು ಇದನ್ನು ತಿಳಿದಿರಬೇಕು. ಇಬ್ಬರೂ ಸೇರಿ ಅರ್ಜಿ ಹಾಕುತ್ತಾರೆ, ಕೋರ್ಟ್ ಹೇಳಿಕೆ ಬರೆದುಕೊಳ್ಳುತ್ತದೆ. ಅರ್ಜಿ ಹಾಕಿದ ದಿನದಿಂದ ಆರು ತಿಂಗಳು ಕಾಯಬೇಕು. ಅರ್ಜಿ ಹಾಕಿ ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು 'ಹೌದು, ಈಗಲೂ ಬೇಕು' ಎನ್ನಬೇಕು. ಆಗ ಡಿಕ್ರಿ.

ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಜನ ಅದನ್ನು 'ಈಗ ಆರು ತಿಂಗಳು ಇಲ್ಲ' ಎಂದು ಓದಿಕೊಂಡರು. ಹಾಗಲ್ಲ. ಅರ್ಜಿ ಹಾಕುವ ಹೊತ್ತಿಗೇ ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು. ರಾಜಿ ಮಾಡಿಸುವ ಪ್ರಯತ್ನ ಎಲ್ಲ ಸೋತಿರಬೇಕು. ದುಡ್ಡು, ಮಕ್ಕಳ ವಿಷಯ ಪೂರ್ತಿ ತೀರ್ಮಾನ ಆಗಿರಬೇಕು. ಆಗ ಕೇಳಿಕೊಂಡರೆ ಜಡ್ಜ್ ಮನ್ನಾ ಮಾಡಬಹುದು. ತಂಗಿಯ ಆ ಸ್ಟಾಂಪ್ ಪೇಪರ್ ಕೆಲಸಕ್ಕೆ ಬಂದದ್ದು ಇಲ್ಲಿ. ಬೇರೆಯಾದ ತಾರೀಕು ಅದರಲ್ಲಿತ್ತು!

ಇನ್ನೊಂದು ಅಪಾಯ. ಡಿಕ್ರಿ ಬರುವವರೆಗೆ ಒಬ್ಬರು ಮನಸ್ಸು ಬದಲಿಸಿ ಒಪ್ಪಿಗೆ ಹಿಂದೆ ತೆಗೆದುಕೊಳ್ಳಬಹುದು. ಹಾಗಾಗಿ ಪೂರ್ತಿ ದುಡ್ಡನ್ನು ಮೊದಲ ದಿನವೇ ಕೊಡುವುದು ಒಬ್ಬರಿಗೆ ಭಯ, ಪೂರ್ತಿ ಕೊನೆಗೆ ಇಡುವುದು ಇನ್ನೊಬ್ಬರಿಗೆ ಭಯ. ಅರ್ಧ ಮೊದಲ ಹೇಳಿಕೆಯ ದಿನ, ಉಳಿದದ್ದು ಡಿಕ್ರಿಯ ದಿನ ಡಿಡಿ ಮೂಲಕ ಎಂದು ನಮ್ಮ ಒಪ್ಪಂದದಲ್ಲಿ ಬರೆಸಿದೆವು. ಎಲ್ಲಿ, ಎಷ್ಟು, ಯಾವ ದಿನ ಎಂದು ಬರೆಯದ ಒಪ್ಪಂದ ಬರೀ ಹಾರೈಕೆ.

ಗಂಡ ದುಬೈಯಲ್ಲಿದ್ದ. ಕುವೈತ್, ದೋಹಾ, ಮಸ್ಕತ್ ಅಂತ ಅರ್ಧ ಊರೇ ಕಡಲಾಚೆ ಇರುವ ನಮ್ಮ ಜಿಲ್ಲೆಗಳಲ್ಲಿ ಇದು ಹೊಸತಲ್ಲ. ಅವನು ಒಂದು ಸಲ ರಜೆಯಲ್ಲಿ ಬಂದು ಹೇಳಿಕೆ ಕೊಟ್ಟ, ಇನ್ನೊಂದು ಸಲ ವಿಡಿಯೊ ಕಾನ್ಫರೆನ್ಸ್‌ಗೆ ಕೋರ್ಟ್ ಅನುಮತಿ ಕೊಟ್ಟಿತು. ಹೊರದೇಶದ ಕೋರ್ಟಿನಲ್ಲೇ ಡೈವೋರ್ಸ್ ತೆಗೆದುಕೊಂಡು ಬರುವವರೂ ಇದ್ದಾರೆ. ಅಂಥ ಡಿಕ್ರಿ ಇಲ್ಲಿ ನಡೆಯಬೇಕಾದರೆ, ನಿಮ್ಮ ಮದುವೆಗೆ ಅನ್ವಯಿಸುವ ಇಲ್ಲಿನ ಕಾಯ್ದೆಯಲ್ಲಿರುವ ಕಾರಣಕ್ಕೇ ಅದು ಆಗಿರಬೇಕು ಮತ್ತು ಇನ್ನೊಬ್ಬರು ಆ ಕೋರ್ಟಿಗೆ ತಾವಾಗಿ ಒಪ್ಪಿ ಭಾಗವಹಿಸಿರಬೇಕು ಎಂದು 1991ರ ಇನ್ನೊಂದು ತೀರ್ಪು ಹೇಳುತ್ತದೆ. ಕಾಪುವಿನಲ್ಲಿ ಕೂತ ಹೆಂಡತಿಗೆ ಅಲ್ಲಿಂದ ಒಂದು ನೋಟಿಸ್ ಕಳಿಸಿ, ಅವಳು ಬರಲಿಲ್ಲ ಎಂದು ಪಡೆದ ಡಿಕ್ರಿ ಇಲ್ಲಿ ನಿಲ್ಲುವುದು ಕಷ್ಟ.

ಒಬ್ಬರು ಒಪ್ಪದಿದ್ದರೆ ಕಾರಣ ಹೇಳಿ, ಸಾಕ್ಷಿ ಕೊಟ್ಟು, ಪಾಟೀಸವಾಲು ಎದುರಿಸಿ ಗೆಲ್ಲಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟುಹೋದದ್ದು, ಬೇರೆ ಸಂಬಂಧ, ಮತಾಂತರ, ಗುಣವಾಗದ ಮಾನಸಿಕ ಕಾಯಿಲೆ, ಏಳು ವರ್ಷ ಸುದ್ದಿಯೇ ಇಲ್ಲದಿರುವುದು ಇವೆಲ್ಲ ಪಟ್ಟಿಯಲ್ಲಿವೆ. 'ಇನ್ನು ಸರಿಹೋಗುವುದಿಲ್ಲ' ಎಂಬುದು ಮಾತ್ರ ಪಟ್ಟಿಯಲ್ಲಿಲ್ಲ. 2023ರ ಮೇ 1ರಂದು ಸುಪ್ರೀಂ ಕೋರ್ಟ್ ಆ ಕಾರಣಕ್ಕೂ ಮದುವೆ ಮುರಿಯಬಹುದು ಎಂದದ್ದು ನಿಜ, ಆದರೆ ಅದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೇ ಇರುವ ಅಧಿಕಾರ. ಫ್ಯಾಮಿಲಿ ಕೋರ್ಟಿನಲ್ಲಿ ಪೇಪರ್ ಕಟಿಂಗ್ ಹಿಡಿದು ಕೇಳಿದರೆ ಸಿಗುವುದಿಲ್ಲ. ಕೇಸು ಎಲ್ಲಿ ಹಾಕುವುದು? ಮದುವೆಯಾದ ಊರು, ಕೊನೆಗೆ ಒಟ್ಟಿಗೆ ಇದ್ದ ಊರು, ಎದುರು ಪಕ್ಷದವರು ಇರುವ ಊರು. ಹೆಂಡತಿ ಹಾಕುವುದಾದರೆ ಅವಳು ಈಗ ಇರುವ ಊರೂ ಆಗುತ್ತದೆ, 2003ರಿಂದ. ಬೆಂಗಳೂರಿನಲ್ಲಿ ಸಂಸಾರ ಮಾಡಿ ಉಡುಪಿಯ ತವರಿಗೆ ಬಂದವಳು ಬೆಂಗಳೂರಿಗೆ ಅಲೆಯಬೇಕಿಲ್ಲ.

ಈಗ ದುಡ್ಡಿನ ವಿಷಯ. ಜೀವನಾಂಶಕ್ಕೆ ಡೈವೋರ್ಸ್ ಆಗುವವರೆಗೆ ಕಾಯಬೇಕಿಲ್ಲ, ಡೈವೋರ್ಸ್ ಕೇಸೇ ಇಲ್ಲದಿದ್ದರೂ ಕೇಳಬಹುದು. ಹಿಂದೆ ಎಲ್ಲರ ಬಾಯಲ್ಲಿ 125 ಎಂದಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಅದು ಎಲ್ಲ ಧರ್ಮದವರಿಗೂ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಇದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಮತ್ತೆ ಹೇಳಿತು. ಹಿಂದೂ ವಿವಾಹ ಕಾಯ್ದೆಯಡಿ ಕೇಸು ನಡೆಯುವಾಗ 24ನೇ ಸೆಕ್ಷನ್, ಮುಗಿಯುವಾಗ 25. ಈ ಎರಡರಲ್ಲಿ ದುಡಿಮೆ ಇಲ್ಲದ ಗಂಡನೂ ಹೆಂಡತಿಯಿಂದ ಕೇಳಬಹುದು, ಕೇಳುವವರು ಕಡಿಮೆ ಅಷ್ಟೆ.

ಎಷ್ಟು ಸಿಗುತ್ತದೆ? ಸಂಬಳದ ಕಾಲು ಭಾಗ ಎನ್ನುತ್ತಾರೆ ಎಲ್ಲರೂ. 2017ರ ಒಂದು ತೀರ್ಪಿನಲ್ಲಿ 25 ಶೇಕಡಾ ಎಂಬ ಮಾತು ಬಂದಿತ್ತು, ಅದೇ ಹಬ್ಬಿತು. ಕಾಯ್ದೆಯಲ್ಲಿ ಅಂಥ ಸೂತ್ರ ಇಲ್ಲ. ಇಬ್ಬರ ಆದಾಯ, ಮಕ್ಕಳ ಖರ್ಚು, ಮೊದಲು ಬಾಳಿದ ರೀತಿ, ಸಾಲ, ವಯಸ್ಸಾದ ತಂದೆ ತಾಯಿ ಎಲ್ಲ ನೋಡುತ್ತಾರೆ. ಹೆಂಡತಿಗೆ ಕೆಲಸ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ, ಮೊತ್ತ ಕಡಿಮೆಯಾಗಬಹುದು. 2020ರ ನವೆಂಬರ್‌ನಿಂದ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡುವುದು ಕಡ್ಡಾಯ. ಇದು ದೊಡ್ಡ ಬದಲಾವಣೆ ಎಂದು ನನ್ನ ಅಭಿಪ್ರಾಯ. ಮೊದಲು 'ನನಗೆ ಆದಾಯವೇ ಇಲ್ಲ ಸ್ವಾಮಿ' ಎಂದರೆ ಸುಳ್ಳು ಎಂದು ತೋರಿಸುವ ಕಷ್ಟವೆಲ್ಲ ಎದುರು ಪಕ್ಷದವರದು. ಈಗ ಪ್ರಮಾಣ ಮಾಡಿ ಬರೆಯಬೇಕು. ಅದೇ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆರ್ಡರ್ ಆದ ದಿನದಿಂದ ಅಲ್ಲ.

ಎರಡು ಎಚ್ಚರಿಕೆ. 'ಇಬ್ಬರೂ ಒಪ್ಪಿ ಬೇರೆ ಇದ್ದೇವೆ' ಎಂದು ಬರೆದುಕೊಟ್ಟರೆ, ಮದುವೆ ಇನ್ನೂ ಇರುವಾಗ 144ರಲ್ಲಿ ಜೀವನಾಂಶ ಸಿಗದೆ ಹೋಗಬಹುದು. ನಮ್ಮ ಸ್ಟಾಂಪ್ ಪೇಪರ್ ಒಂದು ಕಡೆ ಉಪಕಾರ ಮಾಡಿದರೆ ಇನ್ನೊಂದು ಕಡೆ ಹೀಗೆ ಕುತ್ತಾಯಿತು, ಎದುರಿನ ವಕೀಲರು ಇದನ್ನೇ ಹಿಡಿದರು. ಇನ್ನೊಂದು, ಆರ್ಡರ್ ಆದರೂ ಗಂಡ ಕೊಡದಿದ್ದರೆ ವಾರಂಟ್ ಕೇಳಲು ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. 'ಮುಂದಿನ ತಿಂಗಳು ಕೊಡ್ತಾನಂತೆ' ಎಂದು ಕಾದು ಕೂತವರಿಗೆ ಆ ದಾರಿ ಮುಚ್ಚಿಹೋಗುತ್ತದೆ.

ಮನೆಗೆ ಬಂದು ಬಾಳು ಎಂದು ಗಂಡ ಹಾಕುವ ಕೇಸು ಒಂದಿದೆ, ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್. ನೋಟಿಸ್ ಬಂದರೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ ಎಂದು ತಂಗಿ ಹೆದರಿದ್ದಳು. ಹಾಗೇನೂ ಇಲ್ಲ. ಗಂಡ ಆ ಡಿಕ್ರಿ ಪಡೆದರೂ, ಹೋಗದಿರಲು ಸರಿಯಾದ ಕಾರಣ ಇದ್ದರೆ ಹೆಂಡತಿಗೆ ಜೀವನಾಂಶ ಸಿಗುತ್ತದೆ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೋಟಿಸನ್ನು ಕಪಾಟಿನಲ್ಲಿ ಇಟ್ಟು ಸುಮ್ಮನಿರಬೇಡಿ. ಹೋಗದಿದ್ದರೆ ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಮಾನ.

ಚಿನ್ನ. ತವರಿನವರು, ನೆಂಟರು, ಅತ್ತೆ ಮಾವ ಹುಡುಗಿಗೆಂದು ಕೊಟ್ಟದ್ದು ಸ್ತ್ರೀಧನ, ಅವಳೊಬ್ಬಳದು. ಗಂಡನ ಲಾಕರಿನಲ್ಲಿದ್ದರೂ ಅವಳದೇ. 1985ರಿಂದಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತಾ ಬಂದಿದೆ. ತಕರಾರು ಬರುವುದು ಯಾರದು ಎಂಬುದಕ್ಕಲ್ಲ, ಎಷ್ಟಿತ್ತು ಎಂಬುದಕ್ಕೆ. ಅಂಗಡಿಯ ಬಿಲ್ಲು ಯಾರ ಮನೆಯಲ್ಲೂ ಇರುವುದಿಲ್ಲ. ನಮಗೆ ನೆರವಾದದ್ದು ಮದುವೆ ಆಲ್ಬಂ. ಮದುಮಗಳ ಕೊರಳಿನ ಫೋಟೊ ನೋಡಿ ನೋಡಿ ಚಿಕ್ಕಮ್ಮ ಪಟ್ಟಿ ಮಾಡಿದರು. ಉಂಗುರದ ಲೆಕ್ಕ ಮಾತ್ರ ಕೊನೆಗೂ ತಾಳೆಯಾಗಲಿಲ್ಲ.

ಮನೆಯ ವಿಷಯದಲ್ಲಿ ಜನರಿಗೆ ನಿರಾಸೆ ಜಾಸ್ತಿ. ಡೈವೋರ್ಸ್ ಆದರೆ ಆಸ್ತಿ ಅರ್ಧ ಅರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ಫ್ಲ್ಯಾಟ್ ಗಂಡನ ಹೆಸರಿನಲ್ಲಿದ್ದು, ಇಎಂಐ ಹೆಂಡತಿಯ ಸಂಬಳದಿಂದ ಹೋಗುತ್ತಿದ್ದರೆ, ಅದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಅವಳೇ ಸಾಬೀತು ಮಾಡಬೇಕು. ಇನ್ನು ಅಳಿಯಕಟ್ಟಿನ ಕುಟುಂಬದ ಮನೆಯಾದರೆ ಅದು ಗಂಡನ ತಾಯಿಯ ಕಡೆಯವರದು, ಹೆಂಡತಿಗೆ ಅದರಲ್ಲಿ ಪಾಲು ಕೇಳುವ ಮಾತೇ ಬರುವುದಿಲ್ಲ.

ಆದರೆ ಪಾಲು ಬೇರೆ, ವಾಸ ಬೇರೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ, ಹಿಂಸೆಗೆ ಗುರಿಯಾದ ಹೆಂಡತಿ ತಾನು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ತೀರ್ಪಾಗಿದೆ. ಅದರ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಸಂರಕ್ಷಣಾಧಿಕಾರಿಯಾಗಿ ಅದಕ್ಕೆ ಸಹಾಯ ಮಾಡುತ್ತಾರೆ. ಅಂಗನವಾಡಿ ನೋಡಿಕೊಳ್ಳುವವರಲ್ವಾ ಎಂದು ನಾವು ಆಶ್ಚರ್ಯಪಟ್ಟೆವು. ಹೌದು, ಅವರೇ.

ಮಕ್ಕಳ ವಿಷಯದಲ್ಲಿ ಕಾನೂನು ಕೇಳುವುದು ಒಂದೇ, ಮಗುವಿಗೆ ಯಾವುದು ಒಳ್ಳೆಯದು. ಅಪ್ಪನ ಹಕ್ಕು, ಅಮ್ಮನ ಹಕ್ಕು ಎಲ್ಲ ಆಮೇಲೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಕಾಯ್ದೆ ಹೇಳುತ್ತದೆ. ಐದು ತುಂಬಿದ ದಿನ ಮಗು ತಂದೆಗೆ ಹೋಗುತ್ತದೆ ಎಂದು ಅದಕ್ಕೆ ಅರ್ಥ ಅಲ್ಲ. ಮಗು ಒಬ್ಬರ ಬಳಿ ಇದ್ದರೂ ಇನ್ನೊಬ್ಬರಿಗೆ ನೋಡುವ, ಮಾತಾಡುವ ಅವಕಾಶ ಇರಬೇಕು. ದೂರದೇಶದಲ್ಲಿರುವವರಿಗೆ ವಿಡಿಯೊ ಕರೆಯೂ ಅದರಲ್ಲಿ ಸೇರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಒಪ್ಪಂದದಲ್ಲಿ 'ದಿನಾ ರಾತ್ರಿ ಎಂಟಕ್ಕೆ' ಎಂದು ಬರೆದೆವು. ದುಬೈಗೆ ಅದು ಆರೂವರೆ, ಅವನು ಆಫೀಸಿನಿಂದ ಹೊರಡುವ ಹೊತ್ತು. ಮೊದಲ ವಾರವೇ ಜಗಳ. ಆಮೇಲೆ ಒಂಬತ್ತೂವರೆ ಮಾಡಿದೆವು, ಅಷ್ಟೊತ್ತಿಗೆ ಮಗುವಿಗೆ ನಿದ್ದೆ. ಈಗ ಆದಿತ್ಯವಾರ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ. ಇಂಥದ್ದನ್ನು ಯಾವ ಸೆಕ್ಷನ್ನೂ ಹೇಳಿಕೊಡುವುದಿಲ್ಲ.

ಖರ್ಚಿಗೆ ಹೆದರಿ ಬಾಂಡ್ ಪೇಪರಿನ ಮೊರೆ ಹೋಗುವವರೂ ಇದ್ದಾರೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು, ಇಲ್ಲವಾದರೆ 15100ಕ್ಕೆ ಫೋನ್ ಮಾಡಬೇಕು. ಪರಿಶಿಷ್ಟ ಜಾತಿ, ಪಂಗಡದ ಗಂಡಸರಿಗೂ, ಆದಾಯ ಕಡಿಮೆ ಇರುವ ಗಂಡಸರಿಗೂ ಈ ಸೌಲಭ್ಯ ಇದೆ. ಇನ್ನು ಹೆಸರು ಪೇಪರಿನಲ್ಲಿ ಬರುತ್ತದೆ ಎಂಬ ಹೆದರಿಕೆ. ಹಿಂದೂ ವಿವಾಹ ಕಾಯ್ದೆಯ ಕೇಸುಗಳು ಮುಚ್ಚಿದ ಬಾಗಿಲಿನ ಒಳಗೆ ನಡೆಯುತ್ತವೆ, ಕೋರ್ಟಿನ ಅನುಮತಿ ಇಲ್ಲದೆ ವಿವರ ಪ್ರಕಟಿಸುವಂತಿಲ್ಲ.

ಡಿಕ್ರಿ ಸಿಕ್ಕಿದ ಮೇಲೆ ಸರ್ಟಿಫೈಡ್ ಕಾಪಿ ಒಂದಲ್ಲ, ನಾಲ್ಕು ತೆಗೆದಿಟ್ಟುಕೊಳ್ಳಿ. ಒಬ್ಬರು ಒಪ್ಪದೆ ನಡೆದ ಕೇಸಾದರೆ ಅಪೀಲಿನ ಅವಧಿ ಮುಗಿಯುವವರೆಗೆ ಮರುಮದುವೆಯ ಮಾತು ಬೇಡ. ಪಾಸ್‌ಪೋರ್ಟ್, ರೇಷನ್ ಕಾರ್ಡ್, ಜಾಯಿಂಟ್ ಅಕೌಂಟ್ ಎಲ್ಲ ಒಂದೊಂದಾಗಿ ಬದಲಿಸಬೇಕು, ತಾನಾಗಿ ಯಾವುದೂ ಬದಲಾಗುವುದಿಲ್ಲ. ತಂಗಿ ಎಲ್ಲ ಮುಗಿಯಿತು ಎಂದುಕೊಂಡು ಐದಾರು ತಿಂಗಳಾದ ಮೇಲೆ ಎಲ್‌ಐಸಿ ಕಂತು ಕಟ್ಟಲು ಹೋದಳು. ಪಾಲಿಸಿಯ ನಾಮಿನಿ ಕಾಲಂನಲ್ಲಿ ಇನ್ನೂ ಅವನ ಹೆಸರೇ ಇತ್ತು. ಅಲ್ಲೇ ಫಾರ್ಮ್ ಕೇಳಿ ಪಡೆದು, ಕೌಂಟರಿನ ದಾರಕಟ್ಟಿದ ಪೆನ್ನಿನಲ್ಲಿ ಮಗಳ ಹೆಸರು ಬರೆದಳು. ಮಗಳು ಸಣ್ಣವಳಾದ್ದರಿಂದ ದೊಡ್ಡವರೊಬ್ಬರ ಹೆಸರೂ ಬೇಕು ಎಂದರು. ಚಿಕ್ಕಮ್ಮನದು ಹಾಕಿದಳು.